ಹಲ್ಲಿನ ಜಮಾಖರ್ಚು



ಕೆಟ್ಟ ಹಲ್ಲಿಗೆ ನಮ್ಮ ಭಾಷೆಯಲ್ಲಿ ‘ಹುಳುಕು ಹಲ್ಲು’ ಎಂಬ ಹೆಸರು ಬಹುಕಾಲದಿಂದ ನಿಂತಿರುವುದಷ್ಟೆ. ಮರವನ್ನು ಕೊರೆಯುವ ಹುಳುವಿನಂತೆ ಹಲ್ಲಿನೊಳಗೂ ಒಂದು ಹುಳು ಕುಳಿತು ಕೊರೆಯುತ್ತಿದೆಯೆಂಬ ನಂಬಿಕೆ ಆ ಹೆಸರಿನ ಹಿಂದಿರುವುದು ಸ್ಪಷ್ಟ. ನಾನು ಬಾಲಕನಾಗಿದ್ದಾಗ ನಮ್ಮೂರ ಸಂತೆಗೆ ಬರುತ್ತಿದ್ದ ಮುದುಕನೊಬ್ಬನು, ನೆಲಗುಳ್ಳದ ಒಣಬೀಜಗಳನ್ನು ಕೆಂಡದ ಮೇಲೆ ಉದುರಿಸಿ, ಅದರ ಮೇಲೆ ಕಣ್ಣು ಬಿಡಿಸಿದ ತೆಂಗಿನ ಕರಟವನ್ನು ಬೋರಲು ಹಾಕಿ, ಆ ಕಣ್ಣಿನಿಂದೇಳುವ ಹೊಗೆಯನ್ನು ಬಿದಿರಿನ ಕೊಳವೆಯ ಮೂಲಕ ರೋಗಿಯ ಬಾಯಿಗೆ ಹಿಡಿಸಿ, ಬಳಿಕ ನೀರಿನ ಬಟ್ಟಲಿನಲ್ಲಿ ಉಗುಳಿಸಿ, ಅಲ್ಲಿ ತೇಲುತ್ತಿದ್ದ ಬಿಳಿಯ ಚೂರುಗಳನ್ನು ಕಡ್ಡಿಯ ತುದಿಯಿಂದ ತೋರಿಸುತ್ತ “ನೋಡಿ ಸ್ವಾಮಿ, ಹುಳ ಬಿತ್ತು” ಎನ್ನುತ್ತಿದ್ದನು. ಬಿದ್ದದ್ದು ಸಿಡಿದ ಬೀಜದ ಒಳತಿರುಳೆಂದು ನನಗೆ ತಿಳಿದುಬಂದದ್ದು ದಂತವೈದ್ಯಕೀಯವನ್ನು ಓದಿದ ಮೇಲೆ. ಆದರೆ ಹೊಗೆ ಕುಡಿದವರು ಎದ್ದು ಹೋಗುವಾಗ ಅವರ ಮುಖದಲ್ಲಿದ್ದ ನೆಮ್ಮದಿಯನ್ನು ನಾನು ಕಂಡಿದ್ದೇನೆ, ಅದನ್ನು ಸುಳ್ಳೆನ್ನಲಾರೆ.

ಹುಳುವಿಲ್ಲ, ಆದರೂ ತಿನ್ನುವ ಜೀವಿಗಳುಂಟು. ಹಲ್ಲಿನ ಮೇಲೆ ಲೋಳೆಯಂತೆ ಅಂಟಿಕೊಂಡಿರುವ ಪಾಚಿಯಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ಅವು ತಿನ್ನುವುದು ಹಲ್ಲನ್ನಲ್ಲ, ನಾವು ತಿಂದ ಸಕ್ಕರೆಯನ್ನು. ತಿಂದು ಅವು ವಿಸರ್ಜಿಸುವ ಆಮ್ಲದಿಂದ ಹಲ್ಲಿನ ಖನಿಜವು ಕರಗುತ್ತದೆ. ಕರಗಿ ಹೋದ ಖನಿಜವನ್ನು ಮರಳಿ ತಂದುಕೊಡುವುದು ಸಾಧ್ಯವೆ, ಹಲ್ಲಿಗೆ ನಾವು ತುಂಬುವ ಸಿಮೆಂಟೇ ಆ ಕೆಲಸದಲ್ಲಿ ಕೈಗೂಡಿಸಬಲ್ಲುದೆ ಎಂಬುದು ಈ ಹೊತ್ತಿನ ನನ್ನ ವಿಷಯ.

ಹಲ್ಲಿನ ಹೊರಮೈಯನ್ನು ಹೊದ್ದಿರುವ ಎನಾಮೆಲ್ ಅಥವಾ ದಂತಕವಚವು ನಮ್ಮ ಶರೀರದಲ್ಲಿನ ಅತ್ಯಂತ ಕಠಿನವಾದ ವಸ್ತು. ತೂಕದಲ್ಲಿ ಅದರ ನೂರಕ್ಕೆ 96 ಭಾಗ ಖನಿಜ. ಮಿಕ್ಕದ್ದು ನೀರು ಮತ್ತು ಅತ್ಯಲ್ಪವಾದ ಸಾವಯವ ಪದಾರ್ಥ. ಕ್ಯಾಲ್ಸಿಯಂ, ಫಾಸ್ಫೇಟ್, ಹೈಡ್ರಾಕ್ಸಿಲ್ ಎಂಬ ಅಯಾನುಗಳು ಕ್ರಮವಾಗಿ ಜೋಡಿಸಿಕೊಂಡು ನಿಂತ ಈ ಖನಿಜಕ್ಕೆ ಹೈಡ್ರಾಕ್ಸಿಅಪಟೈಟ್ ಎಂದು ಹೆಸರು. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಹರಿದ ಚರ್ಮ ಮಾಯುತ್ತದೆ. ದಂತಕವಚಕ್ಕೆ ಮಾತ್ರ ಆ ಭಾಗ್ಯವಿಲ್ಲ. ಏಕೆಂದರೆ ಅದನ್ನು ನಿರ್ಮಿಸಿದ ಜೀವಕೋಶಗಳು, ಹಲ್ಲು ವಸಡನ್ನು ಸೀಳಿಕೊಂಡು ಬಾಯಿಗೆ ಬರುವ ವೇಳೆಗೆ ತಮ್ಮ ಕೆಲಸವನ್ನು ಮುಗಿಸಿ ಅಳಿದುಹೋಗಿರುತ್ತವೆ. ಶಿಲ್ಪಿಗಳು ಊರು ಬಿಟ್ಟ ಮೇಲೆ ಉಳಿದ ಗುಡಿ ಅದು; ಕಲ್ಲು ಸಡಲಿದರೆ ಕರೆಯುವುದಕ್ಕೆ ಯಾರೂ ಇಲ್ಲ.

ಹೀಗೆಂದ ಮಾತ್ರಕ್ಕೆ ಅದನ್ನು ಜಡವಾದ ಕಲ್ಲೆಂದು ಭಾವಿಸಿದರೆ ತಪ್ಪಾದೀತು. ಉಪ್ಪಿನ ಹರಳನ್ನು ನೀರಿಗೆ ಹಾಕಿದಾಗ ಅದು ವಿದ್ಯುದಂಶವುಳ್ಳ ಕಣಗಳಾಗಿ, ಅಂದರೆ ಅಯಾನುಗಳಾಗಿ, ಬಿಡಿಬಿಡಿಯಾಗುವುದನ್ನು ನಿಮ್ಮ ಮನೆಯ ಹುಡುಗರು ಶಾಲೆಯಲ್ಲಿ ಓದಿರುತ್ತಾರೆ. ಹಲ್ಲಿನ ಮೇಲ್ಮೈಯಲ್ಲಿಯೂ ಈ ಬಿಡುವ, ಕೂಡುವ ವ್ಯಾಪಾರ ಹಗಲಿರುಳು ನಡೆದೇ ಇದೆ. ನಮ್ಮ ಎಂಜಲನ್ನು ನಾವು ಹೀನವಾಗಿ ಕಾಣುತ್ತೇವೆ, ಎಂಜಲು ಮುಸುರೆ ಎಂದು ದೂರವಿಡುತ್ತೇವೆ. ಆದರೆ ದಿನವೊಂದಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಸ್ರವಿಸುವ ಆ ಲಾಲಾರಸವು ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಅಯಾನುಗಳಿಂದ ಮಿಗಿಲಾಗಿ ತುಂಬಿಕೊಂಡಿರುವ ದ್ರವ. ಹಾಗೆ ತುಂಬಿದ್ದರೂ ಅದು ಬಾಯಿತುಂಬ ಸುಣ್ಣಗಟ್ಟದಿರುವುದಕ್ಕೆ ಕಾರಣ, ಆ ಅಯಾನುಗಳನ್ನು ಹಿಡಿತದಲ್ಲಿಟ್ಟುಕೊಂಡಿರುವ ಕೆಲವು ಪ್ರೋಟೀನುಗಳು. ಅಯಾನು ಬಿಡುಗಡೆ ಮಾಡುವ ದಂತವಸ್ತುಗಳ ಮಾತೆತ್ತುವಾಗ ಮೊದಲು ನೆನೆಯಬೇಕಾದದ್ದು ಯಾವ ಕಾರ್ಖಾನೆಯಿಂದಲೂ ಬಾರದ, ಯಾವ ಬೆಲೆಯೂ ಇಲ್ಲದ ಈ ಎಂಜಲನ್ನು.

ಆಮ್ಲತೆಯನ್ನು ಅಳೆಯುವ ಪಿ.ಎಚ್. ಮಾನದಲ್ಲಿ ಎಂಜಲು ಸಾಮಾನ್ಯವಾಗಿ 7ರ ಸಮೀಪದಲ್ಲಿರುತ್ತದೆ. ಅದು ಸುಮಾರು 5.5ಕ್ಕಿಂತ ಕೆಳಗಿಳಿದರೆ ದಂತಕವಚದಿಂದ ಅಯಾನುಗಳು ಹೊರಡತೊಡಗುತ್ತವೆ. ಮೇಲೇರಿದರೆ ಮರಳಿ ಸೇರತೊಡಗುತ್ತವೆ. ಹೊರಟದ್ದು ಹಲ್ಲಿನ ಖರ್ಚು, ಮರಳಿದ್ದು ಜಮೆ. 1940ರ ದಶಕದಲ್ಲಿ ಅಮೆರಿಕದ ರಾಬರ್ಟ್ ಸ್ಟೀಫನ್ ಎಂಬ ವಿಜ್ಞಾನಿ, ಸಕ್ಕರೆಯ ನೀರಿನಿಂದ ಬಾಯಿ ಮುಕ್ಕಳಿಸಿದವರ ಹಲ್ಲಿನ ಪಾಚಿಗೆ ಸಣ್ಣ ವಿದ್ಯುದಗ್ರವನ್ನು ಮುಟ್ಟಿಸಿ ನೋಡಿದಾಗ, ಕೆಲವೇ ನಿಮಿಷಗಳಲ್ಲಿ ಪಿ.ಎಚ್. ಧುಮುಕಿ ಇಳಿದು, ಅರ್ಧ ಗಂಟೆ ಒಂದು ಗಂಟೆಯ ಅವಧಿಯಲ್ಲಿ ಮೆಲ್ಲಮೆಲ್ಲನೆ ಹತ್ತುವುದು ಕಂಡುಬಂತು. ಇಳಿಯುವುದಕ್ಕೆ ನಿಮಿಷ, ಏರುವುದಕ್ಕೆ ಗಂಟೆ. ಊಟದ ಜೊತೆಯಲ್ಲಿ ಒಂದು ಹೋಳಿಗೆ ತಿಂದವನ ಹಲ್ಲಿಗೆ ಒಂದೇ ಇಳಿತ. ಕಛೇರಿಯ ಮೇಜಿನ ಮೇಲೆ ಸಿಹಿಕಾಫಿಯ ಲೋಟವನ್ನಿಟ್ಟುಕೊಂಡು ಎರಡು ಗಂಟೆ ಗುಟುಕರಿಸುವವನ ಹಲ್ಲಿಗೆ ಏರುವ ಅವಕಾಶವೇ ಇಲ್ಲ. ರಾತ್ರಿಯಲ್ಲಂತೂ ನಿದ್ದೆ ಹತ್ತಿದೊಡನೆ ಎಂಜಲಿನ ಸ್ರಾವ ಬಹುವಾಗಿ ಕುಗ್ಗುತ್ತದೆ. ಸಕ್ಕರೆ ಬೆರಸಿದ ಹಾಲಿನ ಸೀಸೆಯನ್ನು ಬಾಯಲ್ಲಿಟ್ಟು ಮಗುವನ್ನು ಮಲಗಿಸುವ ತಾಯಿ, ಖರ್ಚಿನ ಬಾಗಿಲನ್ನು ತೆರೆದಿಟ್ಟು ಜಮೆಯ ಬಾಗಿಲಿಗೆ ಅಗುಳಿ ಹಾಕಿದಂತಾಗುತ್ತದೆ.

ಖರ್ಚು ಹೆಚ್ಚಿದಾಗ ಹಲ್ಲಿನಲ್ಲಿ ಮೊದಲು ಕಾಣುವುದು ಗುಳಿಯಲ್ಲ, ಕರಿಯ ಕಲೆಯೂ ಅಲ್ಲ, ಬಿಳುಪು. ಈಚೆಗೆ ಹಲ್ಲಿಗೆ ತಂತಿ ಕಟ್ಟಿಸಿಕೊಂಡಿದ್ದ ಹುಡುಗನೊಬ್ಬ ನನ್ನ ಬಳಿಗೆ ಬಂದಿದ್ದ. ಒದ್ದೆಯಾಗಿದ್ದಾಗ ಹಲ್ಲುಗಳೆಲ್ಲ ಒಂದೇ ತೆರನಾಗಿ ಹೊಳೆಯುತ್ತಿದ್ದವು. ಗಾಳಿಯ ಕೊಳವೆಯಿಂದ ಐದಾರು ಸೆಕೆಂಡು ಊದಿ ಒಣಗಿಸಿದೆ. ನೋಡುತ್ತಿದ್ದಂತೆ ತಂತಿಯ ಗುಂಡಿಗಳ ಸುತ್ತ ಸುಣ್ಣ ಬಳಿದಂತಹ ಮಂಕು ಬಿಳುಪು ಮೂಡಿ ನಿಂತಿತು. ನಾಲಗೆ ಸವರಿದೊಡನೆ ಮತ್ತೆ ಮಾಯವಾಯಿತು. ಇದರಲ್ಲಿ ಇಂದ್ರಜಾಲವೇನೂ ಇಲ್ಲ. ಒಣಗಿದ ಬಿಳಿಯ ಪಂಚೆ ಆಚೆಯ ಮೈಯನ್ನು ಮರೆಮಾಡುತ್ತದೆ, ಅದೇ ಪಂಚೆ ನೆನೆದರೆ ಪಾರದರ್ಶಕವಾಗುತ್ತದೆ. ಎಳೆಗಳ ನಡುವಣ ಗಾಳಿಯ ಸ್ಥಳವನ್ನು ನೀರು ಹಿಡಿದುದರ ಫಲ ಅದು. ಖನಿಜವನ್ನು ಕಳೆದುಕೊಂಡ ದಂತಕವಚದಲ್ಲಿಯೂ ಕಣ್ಣಿಗೆ ಕಾಣದ ರಂಧ್ರಗಳಾಗಿರುತ್ತವೆ. ನೀರು ತುಂಬಿದ್ದರೆ ಬೆಳಕು ಹಾದುಹೋಗುತ್ತದೆ, ಗಾಳಿ ತುಂಬಿದರೆ ಚದುರಿ ಬೆಳ್ಳಗೆ ತೋರುತ್ತದೆ. ವಿಚಿತ್ರವೆಂದರೆ, ಈ ಅವಸ್ಥೆಯಲ್ಲಿ ಮೇಲಿನ ತೆಳುಪದರ ಬಹುಮಟ್ಟಿಗೆ ಗಟ್ಟಿಯಾಗಿಯೇ ಇದ್ದು, ಅದರ ಅಡಿಯಲ್ಲಿ ಖನಿಜ ಕರಗಿರುತ್ತದೆ. ಮೇಲ್ಪದರ ಕುಸಿಯದಿರುವವರೆಗೆ ಹೋದ ಅಯಾನುಗಳು ಮರಳಿ ಬರಬಲ್ಲವು. ಈ ಹಂತದಲ್ಲಿ ಕೊರೆಯುವ ಯಂತ್ರವನ್ನು ಹಿಡಿದ ವೈದ್ಯನು ಅಪಕಾರ ಮಾಡಿದಂತೆಯೇ ಸರಿ.

ಇನ್ನು ತುಂಬುವ ವಸ್ತುಗಳ ವಿಚಾರ. ನೂರು ವರ್ಷಕ್ಕೂ ಮೀರಿ ದಂತವೈದ್ಯರ ಆದರ್ಶವೆಂದರೆ, ತುಂಬಿದ ವಸ್ತು ಬಾಯಲ್ಲಿ ಎಳ್ಳಷ್ಟೂ ಬದಲಾಗಬಾರದು, ಏನನ್ನೂ ಕೊಡಬಾರದು, ಏನನ್ನೂ ಕೊಳ್ಳಬಾರದು ಎಂಬುದಾಗಿತ್ತು. ಚಿನ್ನ ಈ ಆದರ್ಶಕ್ಕೆ ಒಪ್ಪಿತು. ಜನ ‘ಬೆಳ್ಳಿ ತುಂಬಿಸಿಕೊಂಡೆ’ ಎನ್ನುವ ಪಾರದ ಮಿಶ್ರಣವೂ ತಕ್ಕಮಟ್ಟಿಗೆ ಒಪ್ಪಿತು. ಆದರೆ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಮುಂಬಲ್ಲುಗಳಿಗೆ ತುಂಬುತ್ತಿದ್ದ ಸಿಲಿಕೇಟ್ ಸಿಮೆಂಟು ಈ ದೃಷ್ಟಿಯಿಂದ ತೀರ ಅಯೋಗ್ಯ. ನಾಲ್ಕಾರು ವರ್ಷಗಳಲ್ಲಿ ಸವೆದು, ಕರಗಿ, ಬಣ್ಣಗೆಡುತ್ತಿತ್ತು. ಆದರೂ ಅದನ್ನು ತೆಗೆದು ಮತ್ತೆ ತುಂಬುವಾಗ ವೈದ್ಯರಿಗೆ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿತ್ತು: ಸಿಮೆಂಟು ಹಾಳಾಗಿದೆ, ಅದರ ಅಂಚಿನಲ್ಲಿರುವ ಹಲ್ಲು ಮಾತ್ರ ಹಾಳಾಗಿಲ್ಲ. ಆ ಸಿಮೆಂಟಿನ ಗಾಜಿನ ಪುಡಿಯನ್ನು ಕರಗಿಸುವಾಗ, ಬೇಗ ಕರಗಲೆಂಬ ಒಂದೇ ಉದ್ದೇಶದಿಂದ, ಫ್ಲೋರೈಡ್ ಲವಣಗಳನ್ನು ಸೇರಿಸುತ್ತಿದ್ದರು. ಕುಲುಮೆಯ ಸೌಕರ್ಯಕ್ಕಾಗಿ ಹಾಕಿದ್ದು ಹಲ್ಲಿಗೆ ರಕ್ಷೆಯಾಗಿ ಒದಗಿತ್ತು.

ಫ್ಲೋರೈಡಿನ ಗುಣ ಬೇರೆ ದಾರಿಯಿಂದಲೂ ಬೆಳಕಿಗೆ ಬಂದಿತ್ತು. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿನಲ್ಲಿ ವೃತ್ತಿಗಿಳಿದ ಫ್ರೆಡರಿಕ್ ಮೆಕೆ ಎಂಬ ದಂತವೈದ್ಯ, ಅಲ್ಲಿಯವರ ಹಲ್ಲುಗಳಲ್ಲಿ ಕಂದು ಕಲೆಗಳನ್ನು ಕಂಡು, ಕಾರಣವನ್ನರಸುತ್ತ ಮೂವತ್ತು ವರ್ಷ ಕಳೆದ. ಕಲೆಯ ಹಲ್ಲುಗಳು ಹುಳುಕಿಗೆ ಸುಲಭವಾಗಿ ತುತ್ತಾಗುವುದಿಲ್ಲವೆಂಬುದನ್ನೂ ಆತ ಗಮನಿಸಿದ. ಕಡೆಗೆ 1931ರಲ್ಲಿ ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞ ಕುಡಿಯುವ ನೀರಿನಲ್ಲಿ ಫ್ಲೋರೈಡನ್ನು ಕಂಡುಹಿಡಿದ. ಅಪಟೈಟಿನ ಹರಳಿನಲ್ಲಿ ಹೈಡ್ರಾಕ್ಸಿಲಿನ ಸ್ಥಾನದಲ್ಲಿ ಫ್ಲೋರೈಡ್ ಕುಳಿತರೆ ಅದು ಸುಮಾರು 4.5ರ ಪಿ.ಎಚ್.ವರೆಗೂ ಕರಗದೆ ತಡೆದುಕೊಳ್ಳುತ್ತದೆ. ಶಾರ್ಕ್ ಮೀನಿನ ಹಲ್ಲಿನ ಹೊರಪದರ ಇಂತಹ ಫ್ಲೋರೈಡ್ ಖನಿಜದ್ದೇ. ಆದರೆ ಇದನ್ನು ಕೇಳಿ ಪಾವಗಡ ಕೋಲಾರಗಳ ಕಡೆಯ ಶ್ರೋತೃಗಳು ಕಹಿಯಾಗಿ ನಕ್ಕರೆ ನಾನು ತಪ್ಪೆಣಿಸುವುದಿಲ್ಲ. ಕೊಳವೆಬಾವಿಯ ನೀರಿನಲ್ಲಿ ಅತಿಯಾದ ಫ್ಲೋರೈಡನ್ನು ವರ್ಷಗಟ್ಟಲೆ ಕುಡಿದು ಹಲ್ಲು ಕಂದಿ, ಕೀಲು ಬಿಗಿದವರ ನಾಡು ಅದು. 1937ರಷ್ಟು ಹಿಂದೆಯೇ ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ ಈ ರೋಗದ ವರದಿ ಬಂದಿತ್ತು. ಕುಡಿದು ಮೈಗೂಡಿಸಿಕೊಳ್ಳುವ ಫ್ಲೋರೈಡು ಬೇರೆ, ಹಲ್ಲಿನ ಮೇಲ್ಮೈಯಲ್ಲಿ ಅಲ್ಪಪ್ರಮಾಣದಲ್ಲಿ ಸದಾ ಸುಳಿದಾಡುವ ಫ್ಲೋರೈಡು ಬೇರೆ. ಹಲ್ಲಿಗೆ ಬೇಕಾದದ್ದು ಈ ಎರಡನೆಯದು, ಹಾಗೂ ಅದನ್ನು ಅಲ್ಲಿಯೇ ನಿಂತು ಒದಗಿಸಬಲ್ಲ ಒಂದು ವಸ್ತು.

ಅಂತಹ ವಸ್ತುವನ್ನು ಲಂಡನ್ನಿನ ಸರ್ಕಾರಿ ರಸಾಯನಶಾಲೆಯಲ್ಲಿ ದುಡಿಯುತ್ತಿದ್ದ ಅಲನ್ ವಿಲ್ಸನ್ ಮತ್ತು ಬ್ರಯನ್ ಕೆಂಟ್ ಸಿದ್ಧಪಡಿಸಿ, 1972ರಲ್ಲಿ ದಂತವೈದ್ಯರ ಮುಂದಿಟ್ಟರು. ಹಳೆಯ ಸಿಲಿಕೇಟ್ ಸಿಮೆಂಟಿನಲ್ಲಿದ್ದ ಉಗ್ರವಾದ ಫಾಸ್ಫಾರಿಕ್ ಆಮ್ಲವನ್ನು ಬಿಟ್ಟು, ಸರಪಳಿಯಂತೆ ಉದ್ದವಾದ ಅಣುಗಳುಳ್ಳ ಪಾಲಿಅಕ್ರಿಲಿಕ್ ಆಮ್ಲವನ್ನು ಅವರು ತೆಗೆದುಕೊಂಡರು. ಆ ಆಮ್ಲ ಹಲ್ಲಿನ ಕ್ಯಾಲ್ಸಿಯಮ್ಮಿಗೆ ತಾನಾಗಿಯೇ ಅಂಟಿಕೊಳ್ಳುತ್ತದೆಂಬುದನ್ನು ಮ್ಯಾಂಚೆಸ್ಟರಿನ ಡೆನ್ನಿಸ್ ಸ್ಮಿತ್ 1968ರಲ್ಲಿ ತಮ್ಮ ಸತುವಿನ ಸಿಮೆಂಟಿನಿಂದ ತೋರಿಸಿಕೊಟ್ಟಿದ್ದರು. ಹೊಸ ಸಿಮೆಂಟಿಗೆ ಗ್ಲಾಸ್ ಅಯನೋಮರ್ ಎಂದು ಹೆಸರಾಯಿತು. ಮೊದಮೊದಲು ಅದು ಕಲಸುವಾಗ ತೊಡರುತ್ತಿತ್ತು, ಗಟ್ಟಿಯಾಗುವುದಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು. ಈ ದೋಷವನ್ನು ನೀಗಿಸಿದ್ದು ಕೊಂಚ ಟಾರ್ಟಾರಿಕ್ ಆಮ್ಲ. ಅಂದರೆ ನಮ್ಮ ಹುಣಸೆಹಣ್ಣಿಗೆ ಹುಳಿಯನ್ನು ಕೊಡುವ ಆಮ್ಲವೇ. ಸಾರಿಗೆ ಹುಣಸೆ ಹಿಂಡದೆ ಹದ ಬಾರದೆಂಬುದು ಅಡುಗೆಮನೆಯವರಿಗೆ ಗೊತ್ತು; ಸಿಮೆಂಟಿಗೂ ಹಾಗೆಯೇ ಆಯಿತೆಂಬುದನ್ನು ಓದಿದಾಗ ನನಗೆ ನಗು ಬಂದಿತು.

ಇದನ್ನು ಕಲಸುವುದನ್ನು ನೀವು ಹತ್ತಿರದಿಂದ ನೋಡಬೇಕು. ಮೇಣಗಾಗದದ ಮೇಲೆ ಒಂದು ಸಣ್ಣ ಚಮಚ ಗಾಜಿನ ಪುಡಿ, ಪಕ್ಕದಲ್ಲಿ ಎಣ್ಣೆಯಂತೆ ಜಿಗುಟಾದ ಆಮ್ಲದ ಹನಿ. ಪುಡಿಯನ್ನು ಎರಡು ಪಾಲು ಮಾಡಿ, ಪ್ಲಾಸ್ಟಿಕ್ ಅಲಗಿನಿಂದ ಅರ್ಧ ನಿಮಿಷದೊಳಗೆ ಮಡಿಸಿ ಮಡಿಸಿ ಸೇರಿಸಬೇಕು, ಉಜ್ಜಬಾರದು. ಆಗ ದೊರೆಯುವ ಮುದ್ದೆ ಆಗತಾನೆ ಇಳಿಸಿದ ಹಲ್ವದಂತೆ ಹೊಳೆಯುತ್ತಿರುತ್ತದೆ. ಹೊಳಪಿರುವಾಗಲೇ ಹಲ್ಲಿನ ಗುಳಿಗೆ ಇಟ್ಟುಬಿಡಬೇಕು. ಹೊಳಪಿದೆಯೆಂದರೆ ಹಲ್ಲನ್ನು ಹಿಡಿದುಕೊಳ್ಳಬಲ್ಲ ಆಮ್ಲದ ಕೈಗಳು ಇನ್ನೂ ಬಿಡುವಾಗಿವೆಯೆಂದು ಅರ್ಥ. ಮಂಕಾಯಿತೆಂದರೆ ಆ ಕೈಗಳೆಲ್ಲ ಗಾಜನ್ನೇ ಹಿಡಿದುಕೊಂಡುಬಿಟ್ಟಿವೆ. ಫೋನು ಬಂತೆಂದು ಅತ್ತ ತಿರುಗಿ, ಮಂಕಾದ ಮುದ್ದೆಯನ್ನು ತುಂಬಿ ಕಳುಹಿಸಿದ ವೈದ್ಯನ ಬಳಿಗೆ ರೋಗಿಯು ತಿಂಗಳೊಳಗಾಗಿ “ಡಾಕ್ಟ್ರೇ, ಸಿಮೆಂಟು ಬಿದ್ದುಹೋಯ್ತು” ಎಂದು ಬರುತ್ತಾನೆ. ಪ್ರಾರಂಭದ ವರ್ಷಗಳಲ್ಲಿ ನಾನೂ ಈ ಮಾತನ್ನು ಕೇಳಿಸಿಕೊಂಡವನೇ, ಮತ್ತು ತಪ್ಪು ಕಂಪನಿಯದೆಂದು ಗೊಣಗಿದವನೇ.

ಗುಳಿಯೊಳಗೆ ನಡೆಯುವುದು ಇದು: ಆಮ್ಲವು ಗಾಜಿನ ಕಣಗಳ ಹೊರಮೈಯನ್ನು ಕೊರೆದು ಕ್ಯಾಲ್ಸಿಯಂ, ಅಲ್ಯೂಮಿನಿಯಂ ಅಯಾನುಗಳನ್ನು ಹೊರತೆಗೆಯುತ್ತದೆ, ಅವು ಆಮ್ಲದ ಸರಪಳಿಗಳನ್ನು ಒಂದಕ್ಕೊಂದು ಬಿಗಿಯುತ್ತವೆ, ಕೆಲವು ನಿಮಿಷಗಳಲ್ಲಿ ಗಟ್ಟಿಯಾದಂತೆ ಕಂಡರೂ ಈ ಬಿಗಿತ ಒಂದು ದಿನಕ್ಕೂ ಮೀರಿ ಮುಂದುವರಿಯುತ್ತದೆ. ಗಾಜಿನಿಂದ ಫ್ಲೋರೈಡೂ ಹೊರಬೀಳುತ್ತದಾದರೂ, ಅದು ಈ ಕಟ್ಟಡಕ್ಕೆ ಇಟ್ಟಿಗೆಯಲ್ಲ, ಕಣಜದಲ್ಲಿ ತುಂಬಿಟ್ಟ ಕಾಳು. ಆದುದರಿಂದ ಖರ್ಚಾದರೂ ಗೋಡೆ ಕುಸಿಯುವುದಿಲ್ಲ. ಮೊದಲ ಒಂದೆರಡು ದಿನ ಧಾರಾಳವಾಗಿ, ಅನಂತರ ಜಿನುಗಿದಂತೆ ಸಣ್ಣಗೆ, ವರ್ಷಗಳವರೆಗೆ ಅದು ಹೊರಬರುತ್ತಿರುತ್ತದೆ. ಕಣಜ ಬರಿದಾಗುತ್ತ ಬಂದಾಗ ಫ್ಲೋರೈಡುಳ್ಳ ಪೇಸ್ಟಿನಿಂದ ಹಲ್ಲುಜ್ಜಿದರೆ ಅಲ್ಲಿಂದ ತುಸು ಕಾಳನ್ನು ತಾನೇ ತುಂಬಿಕೊಂಡು ಮತ್ತೆ ಕೊಡುತ್ತದೆ. ಏನನ್ನೂ ಕೊಡದ, ಏನನ್ನೂ ಕೊಳ್ಳದ ವಸ್ತುವೇ ಶ್ರೇಷ್ಠವೆಂಬ ಹಳೆಯ ಆದರ್ಶ ಹೀಗೆ ತಲೆಕೆಳಗಾಯಿತು.

ಈ ಸಿಮೆಂಟಿನಿಂದ ಬಡವರಿಗಾದ ಉಪಕಾರವನ್ನು ನಾನು ಎಲ್ಲಕ್ಕಿಂತ ಹೆಚ್ಚೆಂದು ಎಣಿಸುತ್ತೇನೆ. ವಿದ್ಯುತ್ತಿಲ್ಲದ ಊರುಗಳಲ್ಲಿ, ಕೊರೆಯುವ ಯಂತ್ರವಿಲ್ಲದೆ, ಕೈಯುಪಕರಣದಿಂದಲೇ ಮೆತ್ತಗಾದ ಹುಳುಕನ್ನು ಕೆರೆದು ಗ್ಲಾಸ್ ಅಯನೋಮರ್ ತುಂಬುವ ಕ್ರಮವೊಂದು 1980ರ ದಶಕದಲ್ಲಿ ಆಫ್ರಿಕದ ಟಾಂಜಾನಿಯದಲ್ಲಿ ರೂಪುಗೊಂಡಿತು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ತನ್ನ ಬೆಂಬಲವನ್ನಿತ್ತಿತು. ಹಳ್ಳಿಯ ಶಾಲೆಯ ಬೆಂಚಿನ ಮೇಲೆ, ತಲೆಗೆ ಮಡಿಸಿದ ಟವಲಿಟ್ಟು, ಕಿಟಕಿಯ ಬೆಳಕಿನಲ್ಲಿ ನಾನು ಈ ಕೆಲಸ ಮಾಡಿದ್ದೇನೆ. ಯಂತ್ರದ ಕೀರಲು ಸದ್ದಿಲ್ಲದ ಕಾರಣ ಮಕ್ಕಳು ಅಳುವುದಿಲ್ಲ. ಸರದಿಯಲ್ಲಿ ನಿಂತವರು ಒಳಗಿರುವವನ ಬಾಯೊಳಕ್ಕೆ ಇಣಿಕಿ ನೋಡಿ ನಗುತ್ತಾರೆ. 2021ರಲ್ಲಿ ಅದೇ ಸಂಸ್ಥೆ ತನ್ನ ಅತ್ಯವಶ್ಯ ಔಷಧಗಳ ಪಟ್ಟಿಗೆ ಈ ಸಿಮೆಂಟನ್ನೂ, ಫ್ಲೋರೈಡ್ ಪೇಸ್ಟನ್ನೂ, ಹುಳುಕಿಗೆ ಬರಿದೆ ಸವರಿದರೆ ಅದನ್ನು ತಡೆಯುವ ಬೆಳ್ಳಿ ಮತ್ತು ಫ್ಲೋರೈಡುಗಳ ದ್ರಾವಣವನ್ನೂ ಸೇರಿಸಿತು. ಆ ದ್ರಾವಣ ಸವರಿದೆಡೆ ಹುಳುಕು ಕಪ್ಪಾಗುತ್ತದೆಯಾದ್ದರಿಂದ ತಾಯಂದಿರಿಗೆ ಮುಂಚಿತವಾಗಿ ಹೇಳದೆ ಹಚ್ಚಕೂಡದು.

ಕೊಡುವ ವಸ್ತುಗಳ ಕುಟುಂಬ ಈಗ ದೊಡ್ಡದಾಗಿದೆ. ಫ್ಲಾರಿಡ ವಿಶ್ವವಿದ್ಯಾನಿಲಯದ ಲ್ಯಾರಿ ಹೆಂಚ್, ಸೈನ್ಯದ ಅಧಿಕಾರಿಯೊಬ್ಬರು ಬಸ್ಸಿನ ಪ್ರಯಾಣದಲ್ಲಿ ಹಾಕಿದ ಪ್ರಶ್ನೆಯನ್ನು ಮನಸ್ಸಿಗೆ ಹಚ್ಚಿಕೊಂಡು, 1969ರಲ್ಲಿ ಮೂಳೆಗೆ ಬೆಸೆದುಕೊಳ್ಳುವ ಗಾಜನ್ನು ಮಾಡಿದರು. ಅದರ ಪುಡಿ ಎಂಜಲಿನಲ್ಲಿ ಕ್ಯಾಲ್ಸಿಯಂ ಫಾಸ್ಫೇಟುಗಳನ್ನು ಬಿಡುವುದರಿಂದ ಈಗ ಕೆಲವು ಪೇಸ್ಟುಗಳಲ್ಲಿ ಸೇರಿದೆ. ಮೆಲ್ಬರ್ನಿನ ಎರಿಕ್ ರೆನಾಲ್ಡ್ಸ್ ಹಾಲಿನ ಕೇಸೀನ್ ಪ್ರೋಟೀನಿಗೆ ಇವೇ ಅಯಾನುಗಳನ್ನು ಹೊರಿಸಿ ಲೇಪವನ್ನು ತಯಾರಿಸಿದರು. ಹಾಲಿನ ಪ್ರೋಟೀನು ಒಗ್ಗದವರು ಅದನ್ನು ಬಳಸಬಾರದು. ಜಪಾನಿನಲ್ಲಿ ಆಮ್ಲದೊಡನೆ ಮೊದಲೇ ವರ್ತಿಸಿದ ಗಾಜನ್ನು ರಾಳದಲ್ಲಿ ಬೆರಸಿ, ಆರು ಬಗೆಯ ಅಯಾನುಗಳನ್ನು ಬಿಡುವ ತುಂಬುವಸ್ತುವನ್ನು ಮಾಡಿದ್ದಾರೆ.

ಇಷ್ಟನ್ನು ಹೇಳಿ, ಕೇಳುಗರಿಗೆ ಹುಸಿ ಭರವಸೆಯನ್ನು ಕೊಟ್ಟು ಮುಗಿಸಲಾರೆ. ಪ್ರಯೋಗಶಾಲೆಯ ಲೋಟದ ನೀರಿನಲ್ಲಿ ಇಷ್ಟು ಅಯಾನು ಇಳಿಯಿತೆಂದು ಅಳೆದು ತೋರಿಸುವುದು ಸುಲಭ. ಎಂಜಲು ಹರಿಯುವ, ದಿನಕ್ಕೆ ಹತ್ತು ಬಾರಿ ಸಿಹಿ ಬೀಳುವ ಬಾಯಲ್ಲಿ ಅಷ್ಟರಿಂದಲೇ ಹೊಸ ಹುಳುಕು ತಪ್ಪಿತೆಂದು ಸಾಬೀತುಪಡಿಸುವುದು ಸುಲಭವಲ್ಲ, ಅದರ ಬಗೆಗಿನ ಚರ್ಚೆ ಇನ್ನೂ ಮುಗಿದಿಲ್ಲ. ಗ್ಲಾಸ್ ಅಯನೋಮರ್ ಸವೆಯುತ್ತದೆ, ದವಡೆಹಲ್ಲಿನ ದೊಡ್ಡ ಗುಳಿಯಲ್ಲಿ ಬಿರಿಯುತ್ತದೆ. ಬಿಳುಪಿನ ಹಂತವನ್ನು ದಾಟಿ ಗುಳಿಬಿದ್ದ ದಂತಕವಚವನ್ನು ಯಾವ ಅಯಾನೂ ಮೊದಲಿನಂತೆ ಕಟ್ಟಿಕೊಡಲಾರದು. ಡಬ್ಬಿಯ ಮೇಲೆ ‘ಜೀವಕ್ರಿಯಾಶೀಲ’ ಎಂದು ಅಚ್ಚಾಗಿರುವುದೆಲ್ಲ ಅದೇ ತೂಕದ್ದೆಂದು ನಂಬಿ ಹಣ ತೆರುವುದಕ್ಕೆ ಮೊದಲು, ಮನೆಯಲ್ಲಿ ಫ್ಲೋರೈಡುಳ್ಳ ಸಾಧಾರಣ ಪೇಸ್ಟಿದೆಯೆ ಎಂದು ನೋಡಿಕೊಳ್ಳುವುದು ಮೇಲು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಯಷ್ಟು ಸಾಕು. ಇದ್ದಲು, ಇಟ್ಟಿಗೆಪುಡಿಗಳಿಂದ ತಿಕ್ಕುವುದನ್ನು ದಯಮಾಡಿ ಬಿಟ್ಟುಬಿಡಿ.

ಕಡೆಯದಾಗಿ ಒಂದು ಕೋರಿಕೆ. ಎಳೆಯ ಮಗುವಿರುವ ಮನೆಯವರು ನಾಳೆ ಬೆಳಗಿನ ಬೆಳಕಿನಲ್ಲಿ ಅದರ ಮೇಲ್ದುಟಿಯನ್ನು ಬೆರಳಿನಿಂದ ಮೆಲ್ಲಗೆ ಎತ್ತಿ, ಮುಂದಿನ ನಾಲ್ಕು ಹಲ್ಲುಗಳು ವಸಡನ್ನು ಸೇರುವ ಜಾಗವನ್ನು ಹತ್ತಿಯಿಂದ ಒರಸಿ ನೋಡಿರಿ. ಅಲ್ಲಿ ಸುಣ್ಣದ ಗೆರೆಯಂತಹ ಮಂಕು ಬಿಳುಪು ಕಂಡರೆ, ಅದು ಹಾಲಿನ ಕಲೆಯೆಂದೋ, ಹೇಗೂ ಬೀಳುವ ಹಾಲುಹಲ್ಲೆಂದೋ ಸುಮ್ಮನಾಗದೆ, ಅದೇ ವಾರ ಮಗುವನ್ನು ದಂತವೈದ್ಯರ ಬಳಿಗೆ ಕರೆದುಕೊಂಡು ಹೋಗಿರಿ.